ಸಾಗಿಸುವ ಮುನ್ನ ಪ್ರತಿ ಇರಲಿ

ಗಣಕಯಂತ್ರವು ಕಚೇರಿಯ ಮೇಜನ್ನು ಬಿಟ್ಟು ಮನೆಯ ಪಡಸಾಲೆಗೆ ಬಂದು ಬಹಳ ಕಾಲವಾಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಮನೆಗಳಲ್ಲಿ ಹಿಂದೆ ಟ್ರಂಕಿನಲ್ಲಿಯೂ ಗೋಡೆಯ ಗೂಡಿನಲ್ಲಿಯೂ ಇರುತ್ತಿದ್ದ ಎಷ್ಟೋ ವಸ್ತುಗಳು ಈಗ ಅದರ ಹೊಟ್ಟೆಯನ್ನು ಸೇರಿವೆ. ಮಕ್ಕಳ ಅಂಕಪಟ್ಟಿ, ಹೊಲದ ಪಹಣಿ, ಮದುವೆಯ ಛಾಯಾಚಿತ್ರಗಳು, ಗವಿಸಿದ್ಧೇಶ್ವರ ಜಾತ್ರೆಯ ತೇರಿನ ವಿಡಿಯೊ, ಅಜ್ಜಿ ಹಾಡಿದ ಬೀಸುವ ಪದಗಳ ಧ್ವನಿಮುದ್ರಣ, ಎಲ್ಲವೂ ಅಲ್ಲಿಯೇ. ಹೀಗಿರುವಲ್ಲಿ ಒಂದು ದಿನ ಆ ಯಂತ್ರವು ‘ಸಿ ಡ್ರೈವ್‌ನಲ್ಲಿ ಸ್ಥಳವಿಲ್ಲ’ ಎಂದು ಸೂಚನೆ ಕೊಡುತ್ತದೆ. ಆಗ ಮನೆಯವರು ಕೇಳುವ ಪ್ರಶ್ನೆ ಒಂದೇ: ಚಿತ್ರಗಳನ್ನೂ ವಿಡಿಯೊಗಳನ್ನೂ ತಾನಾಗಿಯೇ ಬೇರೆ ಡ್ರೈವ್‌ಗೆ ಸಾಗಿಸುವ ಏರ್ಪಾಡು ಇಲ್ಲವೇ?

ಇದೆ. ಅದು ಕಷ್ಟದ್ದೂ ಅಲ್ಲ, ಹಣ ಕೊಟ್ಟು ಕೊಳ್ಳಬೇಕಾದುದೂ ಅಲ್ಲ. ಆದರೆ ಆ ವಿಧಾನವನ್ನು ಹೇಳುವ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ನೆಲೆಗೊಳಿಸಬೇಕಾಗಿದೆ. ವಸ್ತುವನ್ನು ವಿಂಗಡಿಸುವುದು ಬೇರೆ, ಕಾಪಾಡುವುದು ಬೇರೆ. ಒಂದೇ ಒಂದು ಪ್ರತಿ ಇರುವ ಕಡತವನ್ನು ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ಸಾಗಿಸಿದರೆ ಅದು ಆಗಲೂ ಒಂದೇ ಪ್ರತಿ. ಜಾಗ ಬದಲಾಯಿತೇ ಹೊರತು ಭದ್ರತೆ ಹೆಚ್ಚಲಿಲ್ಲ.

ಈ ಮಾತಿಗೆ ಸಾಕ್ಷಿಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಕೊಪ್ಪಳದಲ್ಲಿಯೇ ಗವಿಮಠದ ಬೆಟ್ಟದ ಮೇಲೆ ಒಂದು, ಪಾಲ್ಕಿಗುಂಡಿನ ಮೇಲೆ ಒಂದು, ಹೀಗೆ ಅಶೋಕನ ಎರಡು ಬಂಡೆ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹಗಳು ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1931ರಲ್ಲಿ. ಎರಡರಲ್ಲಿಯೂ ಕೆತ್ತಿಸಿದ್ದು ಒಂದೇ ಶಾಸನ. ಪಾಲ್ಕಿಗುಂಡಿನ ಬರಹ ಬಹಳ ಮಟ್ಟಿಗೆ ಸವೆದು ಹೋಗಿದೆ. ಗವಿಮಠದ ಬರಹ ಸ್ಪಷ್ಟವಾಗಿ ಉಳಿದಿದೆ. ಮಸ್ಕಿಯಲ್ಲಿ, ಬ್ರಹ್ಮಗಿರಿಯಲ್ಲಿ, ಸಿದ್ದಾಪುರದಲ್ಲಿಯೂ ಇದೇ ಶಾಸನದ ಪಾಠಗಳು ದೊರೆತಿವೆ. ಒಂದು ಬಂಡೆಯಲ್ಲಿ ಅಳಿದ ಅಕ್ಷರವನ್ನು ಮತ್ತೊಂದು ಬಂಡೆ ಓದಿಸುತ್ತದೆ. ಆ ಬರಹವನ್ನು ಒಂದೇ ಬಂಡೆಯ ಮೇಲೆ ಕೆತ್ತಿಸಿ, ಆ ಬಂಡೆ ಪಾಲ್ಕಿಗುಂಡಿನದೇ ಆಗಿದ್ದರೆ ನಾವು ಇಂದು ಎಷ್ಟನ್ನು ಓದುತ್ತಿದ್ದೆವು? ಎರಡು ಸಾವಿರ ವರ್ಷಗಳ ಮಳೆ ಬಿಸಿಲನ್ನು ಗೆದ್ದದ್ದು ಕಲ್ಲಿನ ಗಟ್ಟಿತನ ಮಾತ್ರವಲ್ಲ, ಪ್ರತಿಗಳ ಬಾಹುಳ್ಯವೂ ಹೌದು.

ಈಗ ಗಣಕಯಂತ್ರದ ವಿಷಯಕ್ಕೆ ಬರೋಣ. ಮೊದಲು ‘ಬಗೆ’ ಎಂದರೇನು ಎಂಬುದನ್ನು ತಿಳಿಯಬೇಕು. ಪ್ರತಿಯೊಂದು ಕಡತದ ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆಯೂ ಅದರ ನಂತರ ಕೆಲವು ಅಕ್ಷರಗಳೂ ಇರುತ್ತವೆ. ಛಾಯಾಚಿತ್ರಕ್ಕೆ ಜೆಪಿಜಿ, ವಿಡಿಯೊಗೆ ಎಂಪಿ4, ಹಾಡಿಗೆ ಎಂಪಿ3, ಸ್ಕ್ಯಾನ್ ಮಾಡಿದ ಕಾಗದಕ್ಕೆ ಸಾಮಾನ್ಯವಾಗಿ ಪಿಡಿಎಫ್. ಈ ಬಾಲಾಕ್ಷರಗಳನ್ನು ನೋಡಿಯೇ ಯಂತ್ರವು ಬಗೆಯನ್ನು ಗುರುತಿಸುತ್ತದೆ. ವಿಂಡೋಸ್ ಇವುಗಳನ್ನು ರೂಢಿಯಲ್ಲಿ ಮರೆಮಾಡಿರುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದನ್ನು ಆರಿಸಿದರೆ ಅವು ಕಾಣಿಸಿಕೊಳ್ಳುತ್ತವೆ.

ಎರಡನೆಯದಾಗಿ ‘ಬೇರೆ ಡ್ರೈವ್’ ಎಂದರೇನು? ಇಲ್ಲಿ ಅನೇಕರಿಗೆ ಭ್ರಮೆ ಇದೆ. ಅನೇಕ ಯಂತ್ರಗಳಲ್ಲಿ ಸಿ ಮತ್ತು ಡಿ ಎಂಬ ಎರಡು ಡ್ರೈವ್‌ಗಳು ಕಾಣುತ್ತವೆಯಾದರೂ ಒಳಗಿರುವ ಹಾರ್ಡ್ ಡಿಸ್ಕ್ ಒಂದೇ. ಒಂದೇ ಮನೆಯಲ್ಲಿ ನಡುವೆ ಗೋಡೆ ಹಾಕಿ ಎರಡು ಕೋಣೆ ಮಾಡಿದಂತೆ. ಮನೆಗೆ ಬೆಂಕಿ ಬಿದ್ದರೆ ಎರಡೂ ಕೋಣೆಗೆ ಬಿದ್ದಂತೆಯೇ. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬ ಸಾಧನವನ್ನು ತೆರೆದು ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ. ಅಲ್ಲಿ ‘ಡಿಸ್ಕ್ 0’ ಎಂಬ ಒಂದೇ ಸಾಲಿನಲ್ಲಿ ಸಿ ಮತ್ತು ಡಿ ಎರಡೂ ಇದ್ದರೆ ಅವು ಒಂದೇ ಮನೆಯ ಕೋಣೆಗಳು. ‘ಡಿಸ್ಕ್ 1’ ಎಂಬ ಬೇರೊಂದು ಸಾಲಿನಲ್ಲಿ ಇದ್ದರೆ ಅದು ಬೇರೆ ಮನೆ. ಸ್ಥಳ ತೆರವಾಗಲು ಕೋಣೆ ಸಾಕು. ಭದ್ರತೆಗೆ ಬೇರೆ ಮನೆಯೇ ಬೇಕು.

ಮೂರನೆಯದಾಗಿ ಸಾಗಿಸುವ ಕ್ರಿಯೆ ಹೇಗೆ ನಡೆಯುತ್ತದೆ ಎಂಬುದು. ಒಂದೇ ಡ್ರೈವ್‌ನ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸಾಗಿಸಿದರೆ ಕಡತವು ಕದಲುವುದೇ ಇಲ್ಲ. ಯಂತ್ರವು ತನ್ನ ಪಟ್ಟಿಯಲ್ಲಿ ವಿಳಾಸವನ್ನು ತಿದ್ದಿಕೊಳ್ಳುತ್ತದೆ ಅಷ್ಟೆ. ಆದುದರಿಂದಲೇ ಅದು ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಒಂದು ಡ್ರೈವ್‌ನಿಂದ ಇನ್ನೊಂದು ಡ್ರೈವ್‌ಗಾದರೋ ಯಂತ್ರವು ಮೊದಲು ಪ್ರತಿ ಮಾಡುತ್ತದೆ, ಆನಂತರ ಮೂಲವನ್ನು ಅಳಿಸುತ್ತದೆ. ಇಲ್ಲಿ ಸಮಯ ಹಿಡಿಯುತ್ತದೆ, ನಡುವೆ ವಿದ್ಯುತ್ ಹೋಗಬಹುದು, ತಂತಿ ಕಳಚಬಹುದು. ತಾನಾಗಿಯೇ ನಡೆಯುವ ಕೆಲಸವೆಂದರೆ ಯಾರೂ ನೋಡದಿರುವಾಗ ನಡೆಯುವ ಕೆಲಸ. ಆದುದರಿಂದ ಅದಕ್ಕೆ ಮೊದಲೇ ಕಟ್ಟುಪಾಡುಗಳನ್ನು ವಿಧಿಸಬೇಕು.

ಸುಲಭವಾದ ಏರ್ಪಾಡನ್ನು ಮೊದಲು ಹೇಳುತ್ತೇವೆ. ವಿಂಡೋಸ್ 10 ಮತ್ತು 11ರಲ್ಲಿ ‘ಸೆಟ್ಟಿಂಗ್ಸ್’ ತೆರೆದು ‘ಸಿಸ್ಟಮ್’, ಅದರೊಳಗೆ ‘ಸ್ಟೋರೇಜ್’ ಎಂಬಲ್ಲಿಗೆ ಹೋದರೆ ಹೊಸ ಕಡತಗಳು ಎಲ್ಲಿ ಉಳಿಯಬೇಕೆಂದು ನಿರ್ಧರಿಸುವ ಅವಕಾಶವಿದೆ. ದಾಖಲೆ, ಸಂಗೀತ, ಚಿತ್ರ, ಚಲನಚಿತ್ರ, ಒಂದೊಂದಕ್ಕೂ ಒಂದೊಂದು ಡ್ರೈವ್ ಗೊತ್ತುಪಡಿಸಬಹುದು. ಆದರೆ ಇದು ಮುಂದೆ ಬರುವ ಕಡತಗಳಿಗೆ ಮಾತ್ರ ಅನ್ವಯಿಸುತ್ತದೆ. ಈಗಾಗಲೇ ಇರುವವು ಇದ್ದಲ್ಲಿಯೇ ಇರುತ್ತವೆ. ಹೆಚ್ಚು ತೊಡಕು ಬೇಡವೆನ್ನುವ ಮನೆಗೆ ಇಷ್ಟೇ ಸಾಕಾಗಬಹುದು.

ಹಳೆಯವನ್ನೂ ಬಗೆಯನುಸಾರ ಸಾಗಿಸಬೇಕೆಂದರೆ ವಿಂಡೋಸ್‌ನಲ್ಲಿಯೇ ‘ರೋಬೋಕಾಪಿ’ ಎಂಬ ಆಜ್ಞೆ ಅಡಕವಾಗಿದೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಹೆಸರಿನ ಕೊನೆಗೆ ಚುಕ್ಕೆ ಬ್ಯಾಟ್ ಎಂಬ ಬಾಲಾಕ್ಷರ ಕೊಟ್ಟು ಉಳಿಸಬೇಕು. ಆಜ್ಞೆಯ ಅನುಕ್ರಮ ಹೀಗಿದೆ: ಮೊದಲು ರೋಬೋಕಾಪಿ ಎಂಬ ಪದ, ನಂತರ ಮೂಲ ಫೋಲ್ಡರಿನ ವಿಳಾಸ, ನಂತರ ತಲುಪಬೇಕಾದ ಫೋಲ್ಡರಿನ ವಿಳಾಸ, ನಂತರ ಬಗೆಗಳು, ಕೊನೆಯಲ್ಲಿ ಷರತ್ತುಗಳು. ಬಗೆಯನ್ನು ನಕ್ಷತ್ರ ಚಿಹ್ನೆ, ಚುಕ್ಕೆ, ಬಾಲಾಕ್ಷರ ಎಂಬ ಕ್ರಮದಲ್ಲಿ ಬರೆಯಬೇಕು. ನಕ್ಷತ್ರ ಚುಕ್ಕೆ ಜೆಪಿಜಿ ಎಂದರೆ ‘ಜೆಪಿಜಿ ಆಗಿರುವ ಎಲ್ಲವೂ’ ಎಂದರ್ಥ. ಪ್ರತಿಯೊಂದು ಷರತ್ತಿನ ಹಿಂದೆ ಓರೆಗೆರೆ ಇರಬೇಕು.

ಷರತ್ತುಗಳಲ್ಲಿ ಕೆಲವನ್ನು ತಿಳಿದಿರುವುದು ಅವಶ್ಯ. ಓರೆಗೆರೆ ಎಸ್ ಎಂದರೆ ಒಳಫೋಲ್ಡರುಗಳನ್ನೂ ಸೇರಿಸು. ಓರೆಗೆರೆ ಎಂಒವಿ ಎಂದರೆ ಪ್ರತಿ ಮಾಡಿದ ಮೇಲೆ ಮೂಲವನ್ನು ಅಳಿಸು. ಹೀಗೆ ಅಳಿದ ಕಡತವು ‘ರೀಸೈಕಲ್ ಬಿನ್’ ಎಂಬ ಕಸದ ಬುಟ್ಟಿಗೆ ಹೋಗುವುದಿಲ್ಲ, ಹೋದದ್ದು ಹೋದಂತೆಯೇ. ಓರೆಗೆರೆ ಎಲ್ ಎಂದರೆ ಏನನ್ನೂ ಮಾಡದೆ, ಮಾಡಬಹುದಾದುದರ ಪಟ್ಟಿಯನ್ನು ಮಾತ್ರ ತೋರಿಸು. ಮದುವೆಯ ಮೊದಲು ಸಾಮಾನಿನ ಪಟ್ಟಿಯನ್ನು ಹಿರಿಯರು ಓದಿಸಿ ಕೇಳುವಂತೆ ಈ ಎಲ್ ಎಂಬುದನ್ನು ಹಾಕಿ ಪಟ್ಟಿಯನ್ನು ಓದದೆ ಯಾರೂ ಎಂಒವಿ ಹಾಕಬಾರದು. ಓರೆಗೆರೆ ಎಂಐಆರ್ ಎಂಬ ಇನ್ನೊಂದು ಷರತ್ತಿದೆ. ಅದು ಮೂಲದಲ್ಲಿ ಇಲ್ಲದ್ದನ್ನು ತಲುಪಿದ ಕಡೆಯಿಂದಲೂ ಅಳಿಸಿಬಿಡುತ್ತದೆ. ಈ ಕೆಲಸಕ್ಕೆ ಅದನ್ನು ಸರ್ವಥಾ ಬಳಸಕೂಡದು.

ಅಂತೆಯೇ ಓರೆಗೆರೆ ಮಿನ್‌ಏಜ್ ಎಂದು ಬರೆದು, ಎರಡು ಚುಕ್ಕೆಯ ಚಿಹ್ನೆಯ ಮುಂದೆ 30 ಎಂಬ ಸಂಖ್ಯೆ ಕೊಟ್ಟರೆ ಕಳೆದ 30 ದಿನಗಳಲ್ಲಿ ತಿದ್ದಿದ ಕಡತಗಳನ್ನು ಅದು ಮುಟ್ಟುವುದಿಲ್ಲ. ಮಗಳು ಇಂದು ಬರೆಯುತ್ತಿರುವ ಪಾಠ ನಾಳೆ ಕಾಣೆಯಾಗದಿರಲು ಇದು ನೆರವಾಗುತ್ತದೆ. ಇನ್ನೊಂದು ವಿಚಿತ್ರವೂ ಉಂಟು. ಕಡತವೊಂದು ಸಾಗದಿದ್ದರೆ ರೋಬೋಕಾಪಿಯು ರೂಢಿಯಂತೆ 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ! ಆದುದರಿಂದ ಆರ್ ಎಂಬ ಷರತ್ತಿಗೆ 2, ಡಬ್ಲ್ಯೂ ಎಂಬ ಷರತ್ತಿಗೆ 5 ಎಂಬ ಸಂಖ್ಯೆಗಳನ್ನು ಕೊಡಬೇಕು. ಆಗ ಎರಡು ಸಲ, ಐದೈದು ಸೆಕೆಂಡು ಕಾದು ಸುಮ್ಮನಾಗುತ್ತದೆ.

ಈಗ ಮುಖ್ಯವಾದ ಸಂಗತಿ. ಆ ಬ್ಯಾಟ್ ಕಡತದಲ್ಲಿ ಒಂದು ಆಜ್ಞೆಯ ಬದಲು ಎರಡು ಆಜ್ಞೆಗಳು ಇರಲಿ. ಮೊದಲನೆಯದು ಎಂಒವಿ ಇಲ್ಲದ್ದು. ಅದು ಹೊರಗಿನಿಂದ ಜೋಡಿಸಿದ ಡಿಸ್ಕಿಗೆ ಪ್ರತಿ ಮಾಡಲಿ. ಎರಡನೆಯದು ಎಂಒವಿ ಇರುವಂಥದು. ಅದು ಡಿ ಡ್ರೈವ್‌ಗೆ ಸಾಗಿಸಲಿ. ಇವೆರಡರ ನಡುವೆ ‘ಇಫ್ ಎರರ್‌ಲೆವೆಲ್ 8 ಎಗ್ಸಿಟ್’ ಎಂಬ ಒಂದು ಸಾಲು ಇರಲಿ. ರೋಬೋಕಾಪಿಯು ಕೆಲಸ ಮುಗಿಸಿದಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಅದು 8ಕ್ಕಿಂತ ಕಡಿಮೆಯಿದ್ದರೆ ಕೆಲಸ ಸರಿಯಾಗಿದೆ. 8 ಅಥವಾ ಹೆಚ್ಚಾಗಿದ್ದರೆ ಏನೋ ಕೆಟ್ಟಿದೆ. ಈ ಒಂದು ಸಾಲಿನ ತಾತ್ಪರ್ಯವೆಂದರೆ, ಪ್ರತಿ ಆಗದಿದ್ದರೆ ಸಾಗಣೆಯೂ ಇಲ್ಲ. ಹೊರಗಿನ ಡಿಸ್ಕನ್ನು ಜೋಡಿಸಲು ಮರೆತಿದ್ದರೆ ಯಂತ್ರವು ಮೂಲವನ್ನು ಮುಟ್ಟದೆ ಹಿಂದೆ ಸರಿಯುತ್ತದೆ. ಗವಿಮಠದ ಬಂಡೆಯ ಮೇಲೆ ಕೆತ್ತಿ ಮುಗಿಯುವವರೆಗೆ ಪಾಲ್ಕಿಗುಂಡಿಗೆ ಕೈ ಹಚ್ಚಬೇಡ ಎಂದಂತೆ.

ಈ ಬ್ಯಾಟ್ ಕಡತವನ್ನು ವಾರಕ್ಕೊಮ್ಮೆ ನಡೆಸುವ ಹೊಣೆಯನ್ನು ‘ಟಾಸ್ಕ್ ಶೆಡ್ಯೂಲರ್’ ಎಂಬ ಸಾಧನಕ್ಕೆ ವಹಿಸಬಹುದು. ವಾರ, ವೇಳೆ, ನಡೆಸಬೇಕಾದ ಕಡತ ಇವನ್ನು ತಿಳಿಸಿದರೆ ಸಾಕು. ಆ ಸಮಯದಲ್ಲಿ ಯಂತ್ರ ಬಂದ್ ಆಗಿದ್ದರೆ, ತೆರೆದ ಕೂಡಲೇ ಮಾಡು ಎಂದು ಹೇಳುವ ಅವಕಾಶವೂ ಅಲ್ಲಿದೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿರುವಾಗ ಈ ಕೆಲಸ ಆರಂಭವಾಗದಂತೆ ಮೊದಲೇ ಏರ್ಪಾಡಿರುತ್ತದೆ. ಕರೆಂಟು ಕೈಕೊಡುವ ಊರುಗಳಲ್ಲಿ ಆ ಏರ್ಪಾಡನ್ನು ಹಾಗೆಯೇ ಬಿಡುವುದು ಲೇಸು.

ಯಾವುದನ್ನು ಸಾಗಿಸಬಾರದು ಎಂಬುದೂ ಅಷ್ಟೇ ಮುಖ್ಯ. ವಿಂಡೋಸ್ ಮತ್ತು ಪ್ರೋಗ್ರಾಮ್ ಫೈಲ್ಸ್ ಎಂಬ ಫೋಲ್ಡರುಗಳ ಬಳಿ ಸುಳಿಯಲೇಬಾರದು. ಸಿ ಡ್ರೈವ್ ಇಡಿಯಾಗಿ ಹುಡುಕಿ ಚಿತ್ರಗಳನ್ನೆಲ್ಲ ತೆಗೆ ಎಂದರೆ ತಂತ್ರಾಂಶಗಳು ತಮಗಾಗಿ ಇಟ್ಟುಕೊಂಡ ಚಿತ್ರಗಳೂ ಹೊರಬಿದ್ದು ಅವು ಕೆಡುತ್ತವೆ. ಗಂಗಾವತಿಯ ಅಕ್ಕಿ ಗಿರಣಿಯ ಗುಮಾಸ್ತರು ಲೆಕ್ಕದ ತಂತ್ರಾಂಶದ ದತ್ತಾಂಶವನ್ನು ಹೀಗೆ ಬಗೆ ನೋಡಿ ಸಾಗಿಸಿದರೆ ಮರುದಿನ ಆ ತಂತ್ರಾಂಶಕ್ಕೆ ತನ್ನ ಲೆಕ್ಕವೇ ಕಾಣದು. ಮದುವೆಯ ವಿಡಿಯೊ ಜೋಡಿಸುವ ಸ್ಟುಡಿಯೊದವರಿಗೂ, ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ ಸಿದ್ಧಪಡಿಸುವ ಮುದ್ರಣಾಲಯದವರಿಗೂ ಇದೇ ಎಚ್ಚರಿಕೆ. ಅವರ ಕೆಲಸದ ಕಡತವು ಚಿತ್ರಗಳನ್ನು ತನ್ನೊಳಗೆ ಇಟ್ಟುಕೊಳ್ಳದೆ ಅವು ಇರುವ ವಿಳಾಸವನ್ನು ಮಾತ್ರ ನೆನಪಿಟ್ಟಿರುವುದುಂಟು. ಚಿತ್ರ ಬೇರೆಡೆ ಹೋದರೆ ವಿಳಾಸ ಸುಳ್ಳಾಗುತ್ತದೆ. ಅಂಥ ಕೆಲಸ ಮುಗಿದ ಮೇಲೆ ಇಡೀ ಫೋಲ್ಡರನ್ನೇ ಒಟ್ಟಾಗಿ ಸಾಗಿಸಬೇಕಲ್ಲದೆ ಬಗೆ ನೋಡಿ ಹೆಕ್ಕಬಾರದು.

ನಮ್ಮ ಭಾಷೆಗೆ ಸಂಬಂಧಿಸಿದ ಸೂಕ್ಷ್ಮವೂ ಒಂದಿದೆ. ಹಿಂದೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿಸಿದ ವಂಶಾವಳಿ, ದೇಣಿಗೆಯ ಯಾದಿ, ಭಜನೆಯ ಪುಸ್ತಕ ಅನೇಕ ಮನೆಗಳಲ್ಲಿವೆ. ಇವು ಯೂನಿಕೋಡ್ ಅಲ್ಲದ ಕಾರಣ ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ. ಕಡತ ಹಾಳಾಯಿತೆಂದು ಅಳಿಸಿಬಿಡುವ ಅಪಾಯ ಇಲ್ಲಿದೆ. ಇಂಥ ಕಡತದ ಜೊತೆಗೆ ಅದರ ಫಾಂಟನ್ನೂ ಒಂದು ಪಿಡಿಎಫ್ ಪ್ರತಿಯನ್ನೂ ಇಟ್ಟರೆ ಮುಂದಿನವರು ಓದಬಲ್ಲರು.

ಹೆಸರಿನ ವಿಷಯದಲ್ಲಿ ಅಲಕ್ಷ್ಯ ಸಲ್ಲದು. ಕ್ಯಾಮರಾಗಳು ತಮ್ಮ ಚಿತ್ರಗಳಿಗೆ ಕೊಡುವುದು ಅಂಕಿಗಳ ಹೆಸರು. ಮೊದಲಿನಿಂದ ಎಣಿಕೆ ಶುರುವಾದರೆ ಹಳೆಯ ಹೆಸರುಗಳೇ ಮರಳಿ ಬರುತ್ತವೆ. ಹೋದ ವರ್ಷದ ಜಾತ್ರೆಯ ಚಿತ್ರವೂ ಈ ವರ್ಷದ ನಾಮಕರಣದ ಚಿತ್ರವೂ ಒಂದೇ ಹೆಸರಿನಲ್ಲಿ ಒಂದೇ ಫೋಲ್ಡರನ್ನು ಸೇರಿದರೆ ಹೊಸದು ಹಳೆಯದನ್ನು ನುಂಗುತ್ತದೆ. ಎಕ್ಸ್‌ಸಿ, ಎಕ್ಸ್‌ಎನ್, ಎಕ್ಸ್‌ಒ ಎಂಬ ಮೂರು ಷರತ್ತುಗಳನ್ನು ಸೇರಿಸಿದರೆ ಅಲ್ಲಿ ಈಗಾಗಲೇ ಇರುವ ಹೆಸರಿನ ಕಡತವನ್ನು ರೋಬೋಕಾಪಿ ಮುಟ್ಟುವುದಿಲ್ಲ. ಆದರೆ ನಿಜವಾದ ಪರಿಹಾರವೆಂದರೆ ವರ್ಷ, ತಿಂಗಳು, ಊರು, ಪ್ರಸಂಗ ಎಂಬ ಕ್ರಮದಲ್ಲಿ ಫೋಲ್ಡರುಗಳಿಗೆ ಮೊದಲೇ ಹೆಸರಿಡುವುದು.

ಇಲ್ಲಿ ತಾಲೂಕಿನ ಹೆಸರಿಗಿಂತ ಊರಿನ ಹೆಸರು ಮೇಲು. ಕಾರಣವನ್ನು ನಮ್ಮ ಜಿಲ್ಲೆಯ ಇತಿಹಾಸವೇ ಹೇಳುತ್ತದೆ. ಕೊಪ್ಪಳ ಜಿಲ್ಲೆಯು ರಾಯಚೂರಿನಿಂದ ಬೇರ್ಪಟ್ಟದ್ದು 1997ರಲ್ಲಿ. ಅದಕ್ಕೆ ಮುಂಚಿನ ಕಾಗದಗಳಲ್ಲಿ ಜಿಲ್ಲೆ ರಾಯಚೂರು ಎಂದೇ ಇರುತ್ತದೆ. ಅಂದು ನಾಲ್ಕೇ ತಾಲೂಕುಗಳಿದ್ದವು. ಆಮೇಲೆ ಯಲಬುರ್ಗಾದಿಂದ ಕುಕನೂರು, ಗಂಗಾವತಿಯಿಂದ ಕಾರಟಗಿ ಮತ್ತು ಕನಕಗಿರಿ ಬೇರೆ ತಾಲೂಕುಗಳಾದವು. ಇನ್ನೂ ಹಿಂದಕ್ಕೆ ಹೋದರೆ 1948ರವರೆಗೆ ಈ ಸೀಮೆ ನಿಜಾಮರ ಆಡಳಿತದಲ್ಲಿದ್ದು, ಉರ್ದುವಿನಲ್ಲಿ ಬರೆದ ಹೊಲಮನೆಯ ಕಾಗದಗಳು ಹಳೆಯ ಮನೆತನಗಳಲ್ಲಿ ಈಗಲೂ ಸಿಗುತ್ತವೆ. ತಾಲೂಕು ಬದಲಾಯಿತು, ಜಿಲ್ಲೆ ಬದಲಾಯಿತು, ರಾಜ್ಯವೂ ಬದಲಾಯಿತು. ಊರಿನ ಹೆಸರು ಉಳಿಯಿತು. ಅಂಥ ಉರ್ದು ಕಾಗದವನ್ನು ಸ್ಕ್ಯಾನ್ ಮಾಡಿಸಿದ್ದರೆ ಅದರ ಕಡತಕ್ಕೆ ಊರು, ಸರ್ವೆ ನಂಬರು, ವರ್ಷ ಇಷ್ಟನ್ನು ಹೆಸರಾಗಿ ಕೊಡುವುದು ಯೋಗ್ಯ. ‘ಸ್ಕ್ಯಾನ್ 1’, ‘ಸ್ಕ್ಯಾನ್ 2’ ಎಂದಿದ್ದರೆ ಎಲ್ಲಿಗೆ ಸಾಗಿಸಿದರೂ ಅದು ಕಳೆದುಹೋದಂತೆಯೇ ಸರಿ. ಮೂಲ ಕಾಗದವನ್ನಂತೂ ಯಾವ ಕಾರಣಕ್ಕೂ ಎಸೆಯಬಾರದು.

ಹೊರಗಿನ ಡಿಸ್ಕ್ ಅಥವಾ ಪೆನ್‌ಡ್ರೈವ್ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಫ್ಯಾಟ್32 ಎಂಬ ವಿನ್ಯಾಸದಲ್ಲಿರುವ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡದಾದ ಒಂದೇ ಕಡತವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಖಾಲಿ ಜಾಗ ಎಷ್ಟೇ ಇದ್ದರೂ ಮದುವೆಯ ಉದ್ದನೆಯ ವಿಡಿಯೊ ಅದಕ್ಕೆ ಸೇರದು. ಖಾಲಿ ಇರುವಾಗಲೇ ಅದನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ವಿನ್ಯಾಸಕ್ಕೆ ಬದಲಿಸಿಕೊಂಡರೆ ತೊಂದರೆಯಿಲ್ಲ. ಒಳಗೆ ಕಡತಗಳಿದ್ದಾಗ ಹಾಗೆ ಫಾರ್ಮ್ಯಾಟ್ ಮಾಡಿದರೆ ಅವೆಲ್ಲ ಅಳಿದುಹೋಗುತ್ತವೆ ಎಂಬುದು ನೆನಪಿರಲಿ.

ಎಷ್ಟು ಪ್ರತಿ ಇದ್ದರೆ ಸಾಕು? ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಒಂದು ಸೂತ್ರ ಜಗತ್ತಿನಾದ್ಯಂತ ಬಳಕೆಯಲ್ಲಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಕುಷ್ಟಗಿಯ ಮನೆಯೊಂದಕ್ಕೆ ಇದನ್ನು ಅನ್ವಯಿಸೋಣ. ಡಿ ಡ್ರೈವ್‌ನಲ್ಲಿ ಒಂದು, ಅಲಮಾರಿನಲ್ಲಿಟ್ಟ ಹೊರಗಿನ ಡಿಸ್ಕಿನಲ್ಲಿ ಒಂದು, ಹುಬ್ಬಳ್ಳಿಗೆ ಕೊಟ್ಟ ಮಗಳ ಮನೆಯಲ್ಲಿ ಒಂದು ಪೆನ್‌ಡ್ರೈವ್. ಹಬ್ಬಕ್ಕೆ ಮಗಳು ತವರಿಗೆ ಬಂದಾಗ ಹೊಸ ಚಿತ್ರಗಳನ್ನು ಅದಕ್ಕೆ ಸೇರಿಸಿಕೊಟ್ಟರಾಯಿತು. ಇದಕ್ಕೆ ತಂತ್ರಜ್ಞರ ಅವಶ್ಯಕತೆಯಿಲ್ಲ, ಮನೆಯವರ ನೆನಪು ಬೇಕು. ತಿಂಗಳಿಗೊಮ್ಮೆ ಪ್ರತಿಯೊಳಗಿನ ನಾಲ್ಕಾರು ಕಡತಗಳನ್ನು ತೆರೆದು ನೋಡುವುದೂ ಬೇಕು. ತೆರೆಯದ ಪ್ರತಿಯನ್ನು ಪ್ರತಿ ಎಂದು ನಂಬಲಾಗದು.

ನಮ್ಮ ಸಮಾಜಕ್ಕೆ ಈ ಪಾಠ ಹೊಸತಲ್ಲ. ಕಲ್ಯಾಣದ ವಿಪ್ಲವದ ಕಾಲದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂದು ಪರಂಪರೆ ಹೇಳುತ್ತದೆ. ಅದು ಸಾಗಣೆ, ಅಂದಿಗೆ ಅದು ಅನಿವಾರ್ಯವಾಗಿತ್ತು. ಆದರೆ ಆ ವಚನಗಳು ನಮ್ಮವರೆಗೆ ಬಂದದ್ದು ತಲೆಮಾರಿನಿಂದ ತಲೆಮಾರಿಗೆ ಮಠಗಳಲ್ಲಿ, ಮನೆಗಳಲ್ಲಿ ಕುಳಿತು ತಾಡೋಲೆಗಳ ಮೇಲೆ ಪ್ರತಿ ಮಾಡಿದ ಹೆಸರಿಲ್ಲದ ಕೈಗಳಿಂದ. ಇಪ್ಪತ್ತನೆಯ ಶತಮಾನದಲ್ಲಿ ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗಳನ್ನು ಅರಸಿ ಸಂಗ್ರಹಿಸಿದರು. ಸಂಗ್ರಹಿಸಿ ಒಂದು ಕಪಾಟಿನಲ್ಲಿ ಇಟ್ಟು ಸುಮ್ಮನಾಗಲಿಲ್ಲ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಮಾಡಿಸಿದರು. ಅಂದಿನಿಂದ ಯಾವುದೋ ಒಂದು ಓಲೆ ಗೆದ್ದಲಿಗೆ ತುತ್ತಾದರೆ ಅದರಲ್ಲಿನ ವಚನವೂ ನಾಶವಾಗಬೇಕೆಂಬ ಭಯ ತಪ್ಪಿತು.

ಅಜ್ಜಿಯ ಧ್ವನಿಯ ಎಂಪಿ3 ಕಡತಕ್ಕಾದರೋ ಅಂಥ ಹಳಕಟ್ಟಿಯವರು ಯಾರೂ ಬರುವುದಿಲ್ಲ. ಅದನ್ನು ಪ್ರತಿ ಮಾಡಬೇಕಾದವರು ಆ ಮನೆಯವರೇ. ಆ ಧ್ವನಿ ಮತ್ತೊಮ್ಮೆ ಮುದ್ರಣಕ್ಕೆ ಸಿಗುವಂಥದಲ್ಲ. ಯಾವ ಅಂಗಡಿಯಲ್ಲಿಯೂ ಕೊಳ್ಳಲು ದೊರೆಯುವಂಥದಲ್ಲ. ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಬರುವ ಭಾನುವಾರ ಯಂತ್ರದ ಮುಂದೆ ಕುಳಿತಾಗ ‘ಜಾಗ ಎಷ್ಟು ಖಾಲಿಯಾದೀತು’ ಎಂದು ಕೇಳುವ ಮೊದಲು, ‘ಇವುಗಳಲ್ಲಿ ಒಂದೇ ಪ್ರತಿ ಇರುವುದು ಯಾವುದು’ ಎಂದು ಕೇಳಿರಿ. ಅದಕ್ಕೆ ಮೊದಲು ಎರಡನೆಯ ಪ್ರತಿಯನ್ನು ಮಾಡಿರಿ, ತೆರೆದು ಕೇಳಿರಿ, ಆಮೇಲೆ ಸಾಗಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿರಿ.